ಆಯಾ ಚಾಂದಬಿ ಸಿಸ್ಟರ್ ಆದ ತಿಂಗಳು

ಬೆಳಗಿನ ಐದೂವರೆ. ಹಳಿಯಾಳದ ನಿಲ್ದಾಣದಿಂದ ದಾಂಡೇಲಿಯ ಮೊದಲ ಬಸ್ಸು ಹೊರಟ ಸದ್ದು ಕೇಳಿಸುತ್ತದೆ. ಊರಿನ ಒಂದು ಖಾಸಗಿ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಹಾಸಿಗೆ ಬಟ್ಟೆ ಇಡುವ ಕೋಣೆಯ ಮೂಲೆಯಲ್ಲಿ ನಮಾಜು ಮುಗಿಸಿದ ಚಾಂದಬಿ ಸಿದ್ದಿ ಚಾಪೆ ಮಡಚಿಟ್ಟು ಹೊರಗೆ ಬರುತ್ತಾರೆ. ಬಿಳಿ ಕೋಟಿನ ಗುಂಡಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ವಾರ್ಡಿನಲ್ಲಿ ಇಪ್ಪತ್ತೆರಡು ರೋಗಿಗಳಿದ್ದಾರೆ. ಏಳು ಗಂಟೆಯೊಳಗೆ ಅಷ್ಟೂ ಜನರ ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡಿ ಬರೆದು ಮುಗಿಸಬೇಕು.

ಚಾಂದಬಿಗೆ ನಲವತ್ತು ವರ್ಷ. ನರ್ಸ್ ಆಗಿ ಇದು ಮೂವತ್ತನೆಯ ದಿನ. ಒಂದು ತಿಂಗಳು ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದಾರೆ. ಇಟ್ಟುಕೊಳ್ಳುತ್ತೇವೆಯೋ ಇಲ್ಲವೋ ಎನ್ನುವುದನ್ನು ಆಸ್ಪತ್ರೆ ನಡೆಸುವ ಡಾಕ್ಟರ್ ವೀರೇಶ ಇಂದು ಒಂಬತ್ತು ಗಂಟೆಗೆ ಹೇಳಲಿದ್ದಾರೆ.

ನೆಲ ಒರೆಸುತ್ತಿದ್ದ ಆಯಾ ಕೆಂಚವ್ವ ತಲೆ ಎತ್ತದೆಯೇ ಕೇಳುತ್ತಾರೆ: "ಏನವಾ ಸಿಸ್ಟರ್, ನಿದ್ದಿ ಬಂತೋ, ಡಾಕ್ಟರ್ ಮಾರಿ ಕಣ್ಣಾಗ ಬರಾಕತ್ತಿತ್ತೋ?"

"ಡ್ಯೂಟಿ ಮ್ಯಾಗ ನಿದ್ದಿ ಮಾಡ್ತಾರೇನ ಯವ್ವಾ? ಆ ಬಕೀಟ ಈಚೆ ಕೊಡ, ಭಾರ ಐತಿ, ನಾ ಒಯ್ದು ಇಡ್ತೇನಿ."

"ಮುಟ್ಟಬ್ಯಾಡ! ನನ್ನ ಬಕೀಟಿಗೆ ಕೈ ಹಚ್ಚಿದ್ರ ಡಾಕ್ಟರಗ ಹೇಳಿ ಕೊಡ್ತೇನಿ ನೋಡ. ಹೋಗ, ನಿನ್ನ ಥರ್ಮಾಮೀಟರ್ ಹಿಡಕೊಂಡು ಹೋಗ."

ಚಾಂದಬಿ ನಗುತ್ತ ಮುಂದೆ ಹೋಗುತ್ತಾರೆ. ಹದಿನಾಲ್ಕನೆಯ ಹಾಸಿಗೆಯಲ್ಲಿ ಪುಂಡಲೀಕ ಅನ್ನುವ ಹಿರಿಯರಿದ್ದಾರೆ. ಜೋಯಿಡಾದವರು, ಸಕ್ಕರೆ ಕಾಯಿಲೆ, ಕಾಲಿನ ಗಾಯಕ್ಕೆ ಬಂದು ಸೇರಿದ್ದಾರೆ. ದಿನಾಲೂ ಚಾಂದಬಿಯನ್ನು ಕಂಡ ಕೂಡಲೇ ಏನಾದರೊಂದು ಚೇಷ್ಟೆಯ ಮಾತು ಆಡುವ ಮನುಷ್ಯ. ಇಂದು ಆಡಲಿಲ್ಲ.

"ಕಾಕಾ, ಆರಾಮ ಅದೀರೇನು?"

"ಬಸ್ ಬಂತೇನು?" ಎನ್ನುತ್ತಾರೆ ಪುಂಡಲೀಕ.

ಡಿಸೆಂಬರಿನ ಚಳಿ. ಕಿಟಕಿಗಳೆಲ್ಲ ಮುಚ್ಚಿದ್ದರೂ ಉಳಿದವರು ಎರಡೆರಡು ಹೊದಿಕೆಯೊಳಗೆ ಇದ್ದಾರೆ. ಈ ಮುದುಕರ ಹಣೆಯ ಮೇಲೆ ಮಾತ್ರ ಬೆವರಿನ ಹನಿ. ಚಾಂದಬಿ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಯಂತ್ರಕ್ಕೆ ಹಚ್ಚುತ್ತಾರೆ. ಸಕ್ಕರೆ ನಲವತ್ತಾರು. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ಎಚ್ಚರಿಕೆ. ಇದು ಇನ್ನೂ ಕೆಳಗೆ. ತಲೆದಿಂಬು ಎತ್ತರಿಸಿ, ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇನ್ನೊಂದು ಕೈಯಿಂದ ಫೋನು ತೆಗೆಯುತ್ತಾರೆ. ಡಾಕ್ಟರರ ಹೆಸರಿನ ಮೇಲೆ ಹೆಬ್ಬೆರಳು ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಒತ್ತುತ್ತದೆ.

"ಡಾಕ್ಟರ್, ನಾ ಸ್ಟಾಫ್ ನರ್ಸ್ ಚಾಂದಬಿ ಮಾತಾಡಾಕತ್ತೇನ್ರಿ. ಹದಿನಾಲ್ಕನೇ ಹಾಸಿಗಿ, ಪುಂಡಲೀಕ ಅವರು. ಸಕ್ಕರಿ ನಲವತ್ತಾರು. ಮೈ ಬೆವತೈತಿ, ಮಾತು ತಪ್ಪಾಕತ್ತೈತಿ. ನುಂಗಾಕ ಬರತೈತಿ, ಗ್ಲೂಕೋಸ್ ಕುಡಸಾಕತ್ತೇನಿ. ಸಲೈನ್ ಸೂಜಿ ಅವರ ಕೈಯಾಗ ಐತಿ. ಮುಂದ ಏನು ಕೊಡ್ಲಿರಿ?"

ಆ ಕಡೆಯಿಂದ ಬಂದ ಆದೇಶವನ್ನು ಅಕ್ಷರ ಬಿಡದೆ ತಿರುಗಿ ಹೇಳಿ ಖಚಿತ ಮಾಡಿಕೊಳ್ಳುತ್ತಾರೆ. ಔಷಧ ಸೂಜಿಯಿಂದ ನರಕ್ಕೆ ಇಳಿಯುತ್ತದೆ. ಹದಿನೈದು ನಿಮಿಷದ ಮೇಲೆ ಯಂತ್ರ ನೂರಾ ಹದಿನೆಂಟು ತೋರಿಸುತ್ತದೆ. ಪುಂಡಲೀಕ ಕಣ್ಣರಳಿಸಿ ಸುತ್ತ ನೋಡುತ್ತಾರೆ.

"ಏನವಾ, ಇವತ್ತ ಚಾ ಇಲ್ಲೇನು?"

"ಚಾ ಆಮ್ಯಾಲೆ. ನಿನ್ನೆ ಸಂಜಿ ಇನ್ಸುಲಿನ್ ತಗೊಂಡು ಊಟಾ ಮಾಡೀರೇನು? ಖರೇ ಹೇಳ್ರಿ ಕಾಕಾ."

"ಉಪ್ಪಿಲ್ಲದ ಪಲ್ಯ ಯಾರು ತಿಂತಾರವಾ? ಕಿಟಕ್ಯಾಗಿಂದ ನಾಯಿಗೆ ಹಾಕಿದೆ. ಚಪಾತಿ ತಿಂತು, ಪಲ್ಯ ಅದೂ ಮುಟ್ಟಲಿಲ್ಲ."

ಇಡೀ ವಾರ್ಡು ನಗುತ್ತದೆ. ಚಾಂದಬಿ ಮಾತ್ರ ಮೇಜಿನ ಬಳಿ ನಿಂತು ಗಡಿಯಾರ ನೋಡಿ ಬರೆಯುತ್ತಿರುತ್ತಾರೆ: ಎಷ್ಟು ಗಂಟೆಗೆ ಏನು ಕಂಡದ್ದು, ಯಾರಿಗೆ ತಿಳಿಸಿದ್ದು, ಏನು ಕೊಟ್ಟದ್ದು. ಒಬ್ಬ ಡಾಕ್ಟರನ್ನು ಎಬ್ಬಿಸಿ, ನಾನು ನರ್ಸ್ ಎಂದು ತಾನಾಗಿ ಹೇಳಿಕೊಂಡದ್ದು ಬದುಕಿನಲ್ಲಿ ಇದೇ ಮೊದಲು.

ಹಳಿಯಾಳದಿಂದ ಯಲ್ಲಾಪುರದ ಕಡೆಗೆ ಹೋಗುವಾಗ ಕಾಡಿಗೆ ಅಂಟಿಕೊಂಡ, ಆಫ್ರಿಕಾ ಮೂಲದ ಸಿದ್ದಿ ಜನರ ಒಂದು ಕೇರಿಯಲ್ಲಿ ಚಾಂದಬಿಯ ಮನೆ. ಹತ್ತೊಂಬತ್ತಕ್ಕೆ ಮದುವೆಯಾಯಿತು. ಗಂಡ ಇಮಾಮಸಾಬ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಬ್ಬರು ದೋಣಿಯಲ್ಲಿ ಕೂರಿಸಿ ಹೊಳೆಯ ಸೆಳವಿನಲ್ಲಿ ಇಳಿಸುವ ಕೆಲಸ ಮಾಡುತ್ತಾರೆ. ಇಪ್ಪತ್ತೆರಡಕ್ಕೆ ಚಾಂದಬಿ ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದರು. ಹನ್ನೆರಡು ವರ್ಷ ಬೆಡ್‌ಪ್ಯಾನ್ ತೊಳೆದರು, ಹಾಸಿಗೆ ಬದಲಿಸಿದರು, ಬಾಣಂತಿಯರ ಬೆನ್ನು ಒರೆಸಿದರು. ರೋಗಿಯ ಪಕ್ಕ ಎಚ್ಚರವಾಗಿ ಕುಳಿತವರಿಗೆ ಬೆಳಗು ಎಷ್ಟು ತಡವಾಗಿ ಆಗುತ್ತದೆ ಎನ್ನುವುದು ಗೊತ್ತು. ಆ ಹೊತ್ತಿನಲ್ಲಿ ಒಂದು ಲೋಟ ಬಿಸಿನೀರು ತಂದುಕೊಡುವ ಕೈ ದೇವರ ಕೈಯೇ. ಅಂಥ ಕೈಯಾಗಿ ಇವರು ಅಲ್ಲಿ ಇದ್ದರು.

"ಆದ್ರ ಸೂಜಿ ಕಂಡ್ರ ಹಿಂದ ಸರೀಬೇಕಾಗ್ತಿತ್ತು," ಎನ್ನುತ್ತಾರೆ ಅವರು. "ನಮ್ಮ ಕೇರಿಯವರು ಬಂದಾಗ ಸಂಕಟ ಆಗ್ತಿತ್ರಿ. ನಮ್ಮ ಕರಿ ಕೈಮ್ಯಾಲೆ ನರ ಕಣ್ಣಿಗೆ ಕಾಣೂದಿಲ್ಲ. ಮೂರು ಸಲ, ನಾಕು ಸಲ ಚುಚ್ಚತಿದ್ರು. ನಾ ಕೈ ಒರಸೂವಾಗ ಬೆರಳಿಗೆ ನರ ಹತ್ತತಿತ್ತು. ಇಲ್ಲೈತಿ ನೋಡ್ರಿ ಅಂತ ಹೇಳಾಕ ಬಾಯಿ ಬರ್ತಿರಲಿಲ್ಲ. ಆಯಾ ಹೆಂಗ ಹೇಳ್ಬೇಕು?"

ಆ ಸಂಕಟವೇ ಅವರನ್ನು ಎಬ್ಬಿಸಿತು. ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಪಿಯುಸಿ ಪಾಸು ಮಾಡಿದರು. ವಯಸ್ಸಿನ ಮಿತಿಗೆ ಒಂದೇ ವರ್ಷ ಉಳಿದಿದ್ದಾಗ, ಮೂವತ್ತನಾಲ್ಕಕ್ಕೆ, ಧಾರವಾಡದ ಒಂದು ನರ್ಸಿಂಗ್ ಶಾಲೆ ಸೇರಿದರು. ತರಗತಿಯಲ್ಲಿ ಎಲ್ಲರೂ ಹದಿನೆಂಟರ ಹುಡುಗಿಯರು. ಒಂದು ವಿಷಯದಲ್ಲಿ ಒಮ್ಮೆ ಫೇಲಾಗಿ ಮತ್ತೆ ಬರೆದರು. ರಜೆಯಲ್ಲಿ ಊರಿಗೆ ಬಂದಾಗ ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಕುಳಿತುಬಿಡುತ್ತಿದ್ದರು. ಕೇರಿಯವರು ಒಬ್ಬೊಬ್ಬರಾಗಿ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚುತ್ತಿದ್ದರು. ಸೂಜಿ ಇಲ್ಲ, ಬರೀ ಬೆರಳು. ನರ ಸಿಕ್ಕ ಜಾಗಕ್ಕೆ ಸುಣ್ಣದ ಚುಕ್ಕೆ ಇಡುವುದು. ಮರುದಿನ ಕೇರಿಯ ಅರ್ಧ ಜನ ಸುಣ್ಣದ ಚುಕ್ಕೆ ಹೊತ್ತುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು.

ಪಾಸಾದದ್ದು ಮೂವತ್ತೆಂಟಕ್ಕೆ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಒಂದೂವರೆ ವರ್ಷದಲ್ಲಿ ಹನ್ನೊಂದು ಆಸ್ಪತ್ರೆಗಳ ಮೆಟ್ಟಿಲು ಹತ್ತಿದರು. ಒಂದು ಕಡೆ ಸ್ವಾಗತದ ಹುಡುಗಿ ಇವರ ಪ್ರಮಾಣಪತ್ರ ನೋಡಿ, "ಮಗಳ ಎಲ್ಲಿ? ಆಕಿನ್ನ ಒಳಗ ಕಳಸ್ರಿ" ಅಂದಳು. ಇನ್ನೊಂದು ಕಡೆ ಕಡತ ಬಿಚ್ಚುವ ಮೊದಲೇ, "ಆಯಾ ಬೇಕಾಗ್ಯಾರ, ನಾಳೆಯಿಂದ ಬರ್ರಿ" ಎಂಬ ಉತ್ತರ ಸಿಕ್ಕಿತು. ಮತ್ತೊಂದು ಕಡೆ ನಯವಾಗಿಯೇ ಹೇಳಿದರು: ಹೊಸಬರು ಅಂದರೆ ನಮಗೆ ಇಪ್ಪತ್ತೆರಡರವರು ಬೇಕು, ಓಡಾಡುವ ಕೆಲಸ ನೋಡಿ.

"ಹನ್ನೆರಡು ವರ್ಷ ಓಡಾಡೇನಲ್ರಿ, ಅದು ಯಾಕ ಲೆಕ್ಕಕ್ಕ ಬರಲಿಲ್ಲೋ ಏನೋ," ಎಂದು ಚಾಂದಬಿ ಈಗ ನಗುತ್ತಾರೆ. ಆಗ ನಕ್ಕಿರಲಿಲ್ಲ. ಮಳಗಿ ಅನ್ನುವ ಊರಿನ ಸಂಬಂಧಿಕರ ಮನೆಯ ಮದುವೆಯಲ್ಲಿ ಯಾರೋ, "ಸಿಸ್ಟರಬಾಯಿ ಬಂದ್ರು, ಜಾಗಾ ಬಿಡ್ರಿ" ಎಂದು ಚುಚ್ಚಿದಾಗ ಊಟದ ಪಂಕ್ತಿಯಿಂದ ಎದ್ದು ಬಂದದ್ದುಂಟು.

ಕಳೆದ ತಿಂಗಳು ಈ ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಒಟ್ಟಿಗೇ ಕೆಲಸ ಬಿಟ್ಟರು. ಡಾಕ್ಟರ್ ವೀರೇಶ ಚಾಂದಬಿಯನ್ನು ಒಂದು ತಿಂಗಳ ಮಟ್ಟಿಗೆ ಕರೆದರು. ಮುಖ್ಯ ನರ್ಸ್ ಸುಮಿತಾ ಇವರಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಆಕೆ ಬಂದಾಗಲೆಲ್ಲ ಚಾಂದಬಿ ಹಳೆಯ ರೂಢಿಯಂತೆ ಕುರ್ಚಿಯಿಂದ ಎದ್ದು ಗೋಡೆಗೆ ಸರಿದು ನಿಲ್ಲುತ್ತಿದ್ದರು.

"ಅಕ್ಕಾರ, ಕೂಡ್ರಿ ನೀವು," ಅಂದಳಂತೆ ಸುಮಿತಾ. "ನೀವು ಎದ್ದು ನಿಂತ್ರ ನನಗ ಅರವತ್ತು ವರ್ಷ ಆದಂಗ ಆಗತೈತಿ."

ಏಳುವ ಚಟ ಬಿಟ್ಟಿತು. ಆದರೆ ಆಯಾಗಳಿಗಷ್ಟೇ ಇರುವ ಇನ್ನೊಂದು ರೂಢಿ ಒಳಗೇ ಉಳಿದಿತ್ತು. ಹನ್ನೊಂದನೆಯ ದಿನ ಅದು ಹೊರಬಿತ್ತು.

ನೀಲಂ ಅನ್ನುವ ಸಿದ್ದಿ ಹುಡುಗಿ ಹಿಂದಿನ ದಿನ ಹೆತ್ತಿದ್ದಳು. ಕಪ್ಪು ಮೈಯವರ ಮುಖ ನೋಡಿ ರಕ್ತ ಕಡಿಮೆಯಾದದ್ದನ್ನು ಹೇಳುವುದು ಕಷ್ಟ. ಚಾಂದಬಿ ಅಂಗೈ ಬಿಡಿಸಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಎರಡೂ ಬಿಳಿಚಿಕೊಂಡಿದ್ದವು. ನಾಡಿ ಓಡುತ್ತಿತ್ತು. ಅವರು ಬಾಗಿಲಿಗೆ ಹೋಗಿ, ಅಲ್ಲಿಂದ ಹಾಯುತ್ತಿದ್ದ ಸುಮಿತಾಗೆ, "ಆ ಹುಡುಗಿ ಯಾಕೋ ಬಿಳಚ್ಯಾಳ್ರಿ" ಎಂದು ಹೇಳಿ ಬಂದರು. ಹನ್ನೆರಡು ವರ್ಷ ಮಾಡಿದ್ದು ಅದನ್ನೇ: ಕಂಡದ್ದನ್ನು ಸಿಸ್ಟರಿಗೆ ಬಾಯಿಂದ ಹೇಳುವುದು, ತನ್ನ ಕೆಲಸಕ್ಕೆ ಮರಳುವುದು. ಅಪಘಾತದ ರೋಗಿಯೊಬ್ಬರನ್ನು ಒಳಗೆ ತರುತ್ತಿದ್ದ ಗದ್ದಲದಲ್ಲಿ ಸುಮಿತಾಗೆ ಆ ಮಾತು ಕೇಳಿಸಲೇ ಇಲ್ಲ. ಹಾಳೆಯಲ್ಲಿ ಬರೆದಿರಲಿಲ್ಲ. ಡಾಕ್ಟರಿಗೆ ಫೋನು ಹೋಗಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ವೀರೇಶ ತಾವಾಗಿ ಬಂದಾಗ ನೀಲಂಗೆ ಮಾತಾಡುವ ಶಕ್ತಿಯೂ ಇರಲಿಲ್ಲ.

ರಕ್ತ ತರಿಸಿದರು. ಕೈಕಾಲು ತಣ್ಣಗಾಗಿದ್ದರಿಂದ ನರ ಯಾರಿಗೂ ಸಿಗಲಿಲ್ಲ. ಚಾಂದಬಿ ಮುಂದೆ ಬಂದು, ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ, ಒಂದೇ ಸಲಕ್ಕೆ ಸೂಜಿ ಇಳಿಸಿದರು. ದೇವರ ದಯೆ, ನೀಲಂ ಉಳಿದಳು. ಐದನೆಯ ದಿನ ಕೂಸನ್ನು ಎತ್ತಿಕೊಂಡು ನಡೆದೇ ಹೋದಳು.

ಆದರೂ ಆ ದಿನ ಡಾಕ್ಟರು ಬಿಡಲಿಲ್ಲ. "ನಿಮ್ಮ ಕಣ್ಣು ಚಲೋ ಐತಿ, ಕೈ ಚಲೋ ಐತಿ. ಆದ್ರ ನೀವು ಕಂಡಿದ್ದು ಎಲ್ಲಿ ಬರದೀರಿ? ನನಗ್ಯಾಕ ಫೋನ್ ಮಾಡಲಿಲ್ಲ?" ಎಂದು ಕೇಳಿದರು. "ಇನ್ನೊಮ್ಮಿ ಹಿಂಗಾದ್ರ ಮೂವತ್ತು ದಿನ ಕಾಯೂದಿಲ್ಲ," ಎಂದು ಅವರು ಹೊರಟುಹೋದರು.

ಸಂಜೆ ಮನೆಗೆ ಬಂದವರೇ ಬಿಳಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿದರು. "ನಾ ಆಯಾ ಇದ್ದದ್ದ ಬರೋಬರಿ ಇತ್ತು," ಅಂದರು ಗಂಡನಿಗೆ. "ನಾಳೆ ಕೊಟ್ಟು ಬರ್ತೇನಿ ಇದನ್ನ."

ಇಮಾಮಸಾಬ ಚಹಾ ಸೋಸುತ್ತಿದ್ದರು. "ಹೊಳ್ಯಾಗ ನಮ್ಮ ದೋಣಿ ಮಗುಚತೈತಿ. ಆವಾಗ ದೋಣಿ ಅಲ್ಲೇ ಬಿಟ್ಟು ಮನಿಗೆ ಬರ್ತೇನೇನು ಚಾಂದಾ? ತಿರುವಿ ಹಾಕಿ ಮತ್ತ ಹತ್ತತೇನಿ. ಮಂದಿನ್ನೂ ಹತ್ತಸ್ತೇನಿ. ನೀ ಚಾ ಕುಡಿ ಮೊದ್ಲ."

ಮರುದಿನದಿಂದ ಚಾಂದಬಿ ಎಲ್ಲವನ್ನೂ ಬರೆಯತೊಡಗಿದರು. ರೋಗಿ ಕೆಮ್ಮಿದ್ದು, ನೀರು ಕೇಳಿದ್ದು, ಅತ್ತೆಯ ಜೊತೆ ಜಗಳವಾಡಿದ್ದು, ಎಲ್ಲ. ಮೂರನೆಯ ದಿನ ವೀರೇಶ ಹಾಳೆ ತಿರುವುತ್ತ, "ಸಿಸ್ಟರ್, ಇದು ಕೇಸ್ ಶೀಟೋ ಕಾದಂಬರಿಯೋ?" ಎಂದರು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎನ್ನುವುದನ್ನು ಸುಮಿತಾ ಪಕ್ಕ ಕುಳಿತು ಹೇಳಿಕೊಟ್ಟಳು. ಬರೆಯುವುದು ಕೈಗೆ ಬಂತು. ಡಾಕ್ಟರಿಗೆ ತಾನೇ ಫೋನು ಮಾಡುವ ಪ್ರಸಂಗ ಮಾತ್ರ ಈ ಬೆಳಗಿನವರೆಗೆ ಬಂದಿರಲಿಲ್ಲ.

ಈಗ ಗಂಟೆ ಒಂಬತ್ತು. ಪಾಳಿ ಎಂಟಕ್ಕೇ ಮುಗಿದಿದೆ. ಚಾಂದಬಿ ಡಾಕ್ಟರರ ಕೋಣೆಯ ಎದುರು ಬೆಂಚಿನ ಮೇಲೆ ಕುಳಿತಿದ್ದಾರೆ. ಒಳಗೆ ಕರೆ ಬರುತ್ತದೆ. ಮೂರೇ ನಿಮಿಷ. ಹೊರಗೆ ಬಂದಾಗ ಮುಖ ಇನ್ನೂ ಬಿಗಿದುಕೊಂಡಿದೆ.

ಕೆಂಚವ್ವ ಓಡಿ ಬರುತ್ತಾರೆ. "ಏನಂದ್ರು?"

"ಏನೂ ಅನ್ನಲಿಲ್ಲ ಯವ್ವಾ. ಹದಿನಾಲ್ಕನೇ ಹಾಸಿಗಿ ಶೀಟ್ ನೋಡಿದ್ರು. ಹೂಂ ಅಂದ್ರು. ಆಮ್ಯಾಲೆ, ಮುಂದಿನ ತಿಂಗಳು ನಿಮಗ ಯಾವ ಪಾಳಿ ಅನುಕೂಲ ಅಂತ ಕೇಳಿದ್ರು. ನೀವು ಯಾವುದು ಹಾಕಿದ್ರೂ ನಡೀತೈತ್ರಿ ಅಂದೆ. ಹೋಗ್ರಿ ಅಂದ್ರು. ಇಟ್ಕೋತೇವಿ ಅಂತನೂ ಹೇಳಲಿಲ್ಲ, ಬಿಡತೇವಿ ಅಂತನೂ ಹೇಳಲಿಲ್ಲ."

ಕೆಂಚವ್ವ ಹಣೆ ಬಡಿದುಕೊಳ್ಳುತ್ತಾರೆ. "ಏ ಹುಚ್ಚಿ! ತಗದು ಹಾಕೂವಾಕಿಗೆ ಮುಂದಿನ ತಿಂಗಳದ ಪಾಳಿ ಯಾಕ ಕೇಳ್ತಾರ ಅವರು?"

ಮಾತು ಒಳಗೆ ಇಳಿದದ್ದೇ ತಡ, ಚಾಂದಬಿ ಕೆಂಚವ್ವನನ್ನು ತಬ್ಬಿ ಎತ್ತಿಯೇಬಿಡುತ್ತಾರೆ. "ಇಳಸ, ಇಳಸ, ಸೊಂಟಾ ಮುರೀತೈತಿ!" ಎಂಬ ಕೂಗಿಗೆ ಔಷಧದ ಕೋಣೆಯಿಂದ ಸುಮಿತಾ ಇಣುಕುತ್ತಾಳೆ, ವಿಷಯ ತಿಳಿದು ಚಪ್ಪಾಳೆ ತಟ್ಟುತ್ತಾಳೆ. ಗಣೇಶಗುಡಿಗೆ ಫೋನು ಹೋಗುತ್ತದೆ. ಅಲ್ಲಿ ದೋಣಿ ಇಳಿಸುವ ಹೊತ್ತು, ನೀರಿನ ಸದ್ದಿನ ನಡುವೆ ಇಮಾಮಸಾಬರ "ಯಾ ಅಲ್ಲಾಹ್!" ಎಂಬ ಕೂಗು ಕಾರಿಡಾರಿನ ತುದಿಯವರೆಗೂ ಕೇಳಿಸುತ್ತದೆ.

ಈ ಕೆಲಸಕ್ಕೆ ಇಷ್ಟು ತಡವಾಗಿ ಬಂದೆನಲ್ಲ ಎಂಬ ವ್ಯಥೆ ಉಂಟೇ ಎಂದು ಕೇಳಿದರೆ, ಚಾಂದಬಿ ಚೀಲ ಹೆಗಲಿಗೇರಿಸಿಕೊಳ್ಳುತ್ತ ಬೆರಳು ಮಡಚುತ್ತಾರೆ.

"ಅರವತ್ತರ ತನಕ ದುಡಿತೇನಿ ಅಂತ ಹಿಡೀರಿ. ಮ್ಯಾಲಿನಾಂವ ಕಾಲಾಗ ಶಕ್ತಿ ಇಟ್ರ ಸಾಕು, ಮತ್ತೇನೂ ಬೇಡೂದಿಲ್ಲ. ನನ್ನ ಕಡೆ ಇನ್ನೂ ಇಪ್ಪತ್ತು ವರ್ಷ ಅದಾವು. ಇಪ್ಪತ್ತು ವರ್ಷ ಅಂದ್ರ ಕಡಿಮಿ ಆತೇನ್ರಿ?"