ಬರೀ ಒಂದೇ ಮ್ಯಾಚಾ?

"ನನ್ನ ಡ್ಯಾಡಿ ಆಸ್ಟ್ರೇಲಿಯಾದಲ್ಲಿ ದೊಡ್ಡ ಫುಟ್‌ಬಾಲ್ ಆಟಗಾರ ಆಗಿದ್ರು!" ಎಂದಳು ಪುಟ್ಟ ಎಮಿಲಿ, ಅಲ್ಲಿನ ಫುಟ್‌ಬಾಲಿನ ಮೊಟ್ಟೆಯಾಕಾರದ ಚೆಂಡನ್ನು ತಬ್ಬಿಕೊಂಡು. ನಾವಿದ್ದ ಗಲ್ಫ್ ಊರು ಬುಸೈತೀನ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರಾದ ತಂದೆ-ಮಗಳು ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು.

ನಾನು ಕೂಡಲೇ ಮೊಬೈಲಿನಲ್ಲಿ ಅವಳ ತಂದೆಯ ಹೆಸರು ಹುಡುಕಿದೆ. ಹೆಸರೇನೋ ಸಿಕ್ಕಿತು. ಆಡಿದ ಪಂದ್ಯಗಳು, ಒಂದು. "ಬರೀ ಒಂದೇ ಮ್ಯಾಚಾ?" ಎಂದು ಎಲ್ಲರಿಗೂ ಕೇಳುವಂತೆ ಓದಿ, ಜೋರಾಗಿ ನಕ್ಕೆ.

ಬೇರೆ ಯಾರೂ ನಗಲಿಲ್ಲ. ಎಮಿಲಿ ತಂದೆಯ ಮುಖವನ್ನೇ ನೋಡುತ್ತಿದ್ದಳು.

"ಹೌದು, ಒಂದೇ" ಎಂದರು ಅವರು ಅವಳ ಕಡೆ ತಿರುಗಿ. "ಅದರಲ್ಲೇ ಮಂಡಿ ಮುರಿಯಿತು. ಆ ಒಂದು ಮ್ಯಾಚಿಗೋಸ್ಕರ ನಿನ್ನಷ್ಟಿದ್ದಾಗಿನಿಂದ ಆಡಿದ್ದೆ, ಮಗಳೇ."

ಆಮೇಲೆ ನನಗೆ ಮುಜುಗರವಾಗಬಾರದೆಂದೋ ಏನೋ, ಕೋರಿರೊಟ್ಟಿ ಬಹಳ ಚೆನ್ನಾಗಿದೆ ಎಂದು ಇನ್ನೊಮ್ಮೆ ಬಡಿಸಿಕೊಂಡರು. ನನ್ನ ಹೆಂಡತಿ ಬಡಿಸುತ್ತಾ ನನ್ನತ್ತ ನೋಡಿದ ನೋಟಕ್ಕೆ ತಲೆ ಎತ್ತಲಾಗಲಿಲ್ಲ.

ಅವರು ಯಾರಿಗೂ ಸುಳ್ಳು ಹೇಳಿದವರಲ್ಲ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಯಾವತ್ತೋ ಒಂದು ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೇ ಹೇಳಬೇಕಾಗಿದ್ದ ಮಾತದು. ನಾಲ್ಕು ಜನರನ್ನು ನಗಿಸುವ ಚಪಲಕ್ಕೆ ಅದನ್ನು ನಾನು ಹೇಳಿಬಿಟ್ಟೆ.