ಸೇಂದಿ ನಿಂತ ವಾರ

ಕೊರೊನಾ ಮುಗಿದ ಮರುವರ್ಷ ನಾನು ಜವಳಗೇರಾ ಕಡೆಯ ಒಂದು ಕ್ಯಾಂಪಿನಲ್ಲಿ, ಅಂದರೆ ಕಾಲುವೆ ನೀರಾವರಿಗೆಂದು ಬಂದವರು ಕಟ್ಟಿಕೊಂಡ ಊರಿನಲ್ಲಿ, ಆಶಾ ಕಾರ್ಯಕರ್ತೆಯಾಗಿದ್ದೆ. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ಹಿಡಿದ ಕೆಲಸವದು. ಮನೆಮನೆಗೆ ಹೋಗಿ ಬಾಣಂತಿಯರನ್ನು, ರೋಗಿಗಳನ್ನು ವಿಚಾರಿಸಬೇಕು. ನನಗೋ ಪರರ ಬಾಗಿಲಲ್ಲಿ ನಿಂತರೆ ಬಾಯಿ ಒಣಗುತ್ತಿತ್ತು.

ಅಲ್ಲಿ ಕದ್ದು ಸೇಂದಿ ಮಾರುತ್ತಿದ್ದರು. ಮರದಿಂದ ಇಳಿಸಿದ್ದಲ್ಲ, ನೀರಿಗೆ ಸಿ.ಎಚ್. ಪುಡಿ, ಅಂದರೆ ಮತ್ತು ಬರಿಸುವ ರಾಸಾಯನಿಕ, ಬೆರೆಸಿದ್ದು. ದಿನವಿಡೀ ಕೆಸರಿನಲ್ಲಿ ಬಾಗಿ ಭತ್ತ ನಾಟಿ ಮಾಡಿದವರು ಸೊಂಟನೋವಿಗೆಂದು ಕುಡಿಯುತ್ತಿದ್ದರು. ಯಾರು ಕುಡಿಯುತ್ತಾರೆಂದು ನಾನು ಮನೆಮನೆಯಲ್ಲಿ ಕೇಳಿದೆ. ಮರುದಿನವೇ ಅಬಕಾರಿಯವರು ದಾಳಿ ಮಾಡಿ ಸೇಂದಿ ನಿಲ್ಲಿಸಿದರು. ಎರಡಕ್ಕೂ ಸಂಬಂಧವಿರಲಿಲ್ಲ, ನಂಬುವವರು ಯಾರು?

"ಗುಲಾಬಿ ಸೀರಿ ಪೊಲೀಸವ್ವ ಬಂದ್ಲು, ಕೊಡ ಮುಚ್ರಿ!" ಎಂದು ನಳದ ಹತ್ತಿರ ಹೆಂಗಸರು ನಕ್ಕರು.

ಆ ವಾರ ನಾಟಿ ಗುಂಪಿನ ಹಿರಿಯಾಳು ದುರುಗಮ್ಮ ಕಾಣಲಿಲ್ಲ. ನಾಟಿಯವರನ್ನು ಒಯ್ಯುವ ಟ್ರ್ಯಾಕ್ಟರ್ ಅವಳಿಲ್ಲದೆ ಹೊರಟಿತು. ಮನೆಗೆ ಹೋದರೆ ಮಗ ಹನುಮಂತ ಬಾಗಿಲಿಗೆ ಅಡ್ಡ ನಿಂತ.

"ಅವ್ವ ಮಸ್ಕಿಗೆ ಅಕ್ಕನ ಮನಿಗೆ ಹೋಗ್ಯಾಳ."

ಅವಳ ಎಲೆಯಡಿಕೆ ಸಂಚಿ ಗೂಟದಲ್ಲೇ ತೂಗುತ್ತಿತ್ತು. ಸಂಚಿ ಬಿಟ್ಟು ಪಕ್ಕದ ಮನೆಗೂ ಹೋಗುವವಳಲ್ಲ ಅವಳು. ಒಳಗೆ ಸೇಂದಿ ಮುಚ್ಚಿಟ್ಟಿದ್ದಾನೆಂದು ನಾನೂ ಶಂಕಿಸಿದೆ. ಅಷ್ಟರಲ್ಲಿ ಒಳಗಿಂದ ಕೂಗು: "ಇರುವಿ ತಗೀರೋ, ಮೈತುಂಬ ಇರುವಿ!"

ಅವನ ತೋಳಿನಡಿ ನುಸುಳಿ ಒಳಹೊಕ್ಕೆ. ಒಂದು ಇರುವೆಯೂ ಇರಲಿಲ್ಲ. ದುರುಗಮ್ಮನ ಕೈಕಾಲು ನಡುಗುತ್ತಿದ್ದವು. ಬೆಳಿಗ್ಗೆ ಫಿಟ್ಸ್ ಬಂದಿತ್ತಂತೆ. ಆ ಪುಡಿ ಒಮ್ಮೆಲೇ ನಿಂತರೆ ಪ್ರಾಣವೇ ಹೋಗಬಹುದೆಂದು ತರಬೇತಿಯಲ್ಲಿ ಕೇಳಿದ್ದೆ.

"ದವಾಖಾನಿಗೆ ನಡೀರಿ."

"ಕೇಸ್ ಹಾಕಸಾಕ ಕರಿಯಾಕತ್ತೀಯೇನಬೇ?"

"ನಿಮ್ಮವ್ವ ಸತ್ರ ಯಾರ ಮ್ಯಾಲ ಕೇಸ್ ಹಾಕ್ತೀ?" ಆ ಮಾತು ನನ್ನ ಬಾಯಿಂದ ಹೇಗೆ ಬಂತೋ!

ಸಿಂಧನೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಎಂದು ಕೇಳಿದರು.

"ನಮ್ಮವ್ವ ಹನಿ ಮುಟ್ಟಾಕಿ ಅಲ್ರೀ," ಎಂದ ಹನುಮಂತ.

"ನಾ ಪೊಲೀಸ್ ಅಲ್ಲಪ್ಪ," ಎಂದರು ಡಾಕ್ಟರು. "ಇದು ರೋಗ. ಖರೇ ಹೇಳಿದ್ರ ಮಾತ್ರ ಎಷ್ಟು ಔಷಧ ಕೊಡಬೇಕಂತ ತಿಳೀತದ."

ಅವನು ನನ್ನ ಗುಲಾಬಿ ಸೀರೆಯ ಕಡೆ ನೋಡಿದ. ನಾನು ಎದ್ದು ಹೊರಗೆ ಹೋದೆ. ಆಮೇಲೆ ಹೇಳಿದನಂತೆ. ದುರುಗಮ್ಮ ಉಳಿದಳು.

ಹೆದರಿದವರು ರೋಗವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಅದು. ಅಂದಿನಿಂದ "ಕುಡೀತೀರೇನು?" ಎಂದು ಕೇಳುವುದನ್ನು ಬಿಟ್ಟೆ, "ನಿದ್ದಿ ಬರ್ತದೇನ್ರೀ?" ಎನ್ನತೊಡಗಿದೆ. ಹಾಗೆ ಕೇಳಿದ್ದು ಮೊದಲು ದುರುಗಮ್ಮನನ್ನೇ, ಅವಳು ಮನೆಗೆ ಮರಳಿದ ಮೇಲೆ. ಉತ್ತರ ಕೊಟ್ಟವನು ಹನುಮಂತ. ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡಿದ್ದ.

"ಸೇಂದಿ ನಿಂತಾಗಿಂದ ನನಗೂ ಬರವಲ್ದು ಯಕ್ಕಾ. ಆ ಡಾಕ್ಟರ್ ಹತ್ರ ನನ್ನೂ ಕರಕೊಂಡು ಹೋಗ್ತೀಯೇನು?"