ದೊಡ್ಡಮ್ಮನ ಮೂಗು, ನನ್ನ ಮುಲಾಮಿನ ಡಬ್ಬಿ

ಕಳೆದ ಶುಕ್ರವಾರ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹೊಸದಾಗಿ ಸೇರಿದ ಗಣಿತದ ಮೇಡಂ ತಲೆನೋವೆಂದು ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದರು. ಉತ್ತರ ಪತ್ರಿಕೆ ತಿದ್ದುತ್ತಿದ್ದ ನಾನು ಪೆನ್ನು ಹಾಗೇ ನಿಲ್ಲಿಸಿ, ಭುಜ ಕುಗ್ಗಿಸಿ, ಬೈಗುಳಕ್ಕೆ ಕಾದು ಕುಳಿತೆ. ಯಾರೂ ಬೈಯಲಿಲ್ಲ. ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು.

"ಸರ್, ನಿಮಗೂ ತಲೆನೋವಾ? ತಗೊಳ್ಳಿ," ಎಂದು ಅವರು ಡಬ್ಬಿ ಚಾಚಿದರು.

"ಬೇಡ ಮೇಡಂ, ನನ್ನ ಹತ್ರಾನೇ ಇದೆ," ಎಂದು ಜೇಬಿನಿಂದ ನನ್ನ ಡಬ್ಬಿ ತೆಗೆದು ತೋರಿಸಿದೆ.

"ಹಾಗಾದ್ರೆ ಹಚ್ಕೊಳ್ಳಿ."

"ನನಗೆ ತಲೆನೋವಿಲ್ಲ."

ಅವರು ನನ್ನನ್ನು ಒಂದು ಕ್ಷಣ ನೋಡಿ, ಕುರ್ಚಿಯನ್ನು ತುಸು ಆಚೆ ಎಳೆದುಕೊಂಡರು. ಈ ಡಬ್ಬಿಯ ಕಥೆಯನ್ನು ಯಾರಿಗಾದರೂ ಒಮ್ಮೆ ನೆಟ್ಟಗೆ ಹೇಳಿಬಿಡಬೇಕು ಅನ್ನಿಸಿತು. ನೀವು ಸಿಕ್ಕಿದ್ದೀರಿ.

ಕೋಲಾರದ ಕಡೆಯ ಸುಗಟೂರಿನಿಂದ ಒಳಗೆ ನಡೆದರೆ ಸಿಗುವ ನಮ್ಮೂರಿನಲ್ಲಿ ದೊಡ್ಡಪ್ಪ ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಾರೆ. ಅವರಿಗೆ ಮಕ್ಕಳಿಲ್ಲ. ಅಪ್ಪ ಮುಳಬಾಗಿಲಿನಲ್ಲಿ ಕೆಲಸದಲ್ಲಿದ್ದುದರಿಂದ ನಾನು ಬೆಳೆದದ್ದೂ ಹೆಚ್ಚು ಕಡಿಮೆ ಅಲ್ಲೇ, ಸೊಪ್ಪಿನ ಹೊರೆಗಳ ನಡುವೆ. ಮನೆಯ ಪಕ್ಕಕ್ಕೆ ಒಂದು ಉದ್ದನೆಯ ಹುಳುಮನೆ. ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಅಟ್ಟಗಳು, ಅವುಗಳ ಮೇಲೆ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಹುಳುಗಳು. ಕೊನೆಯ ವಾರದಲ್ಲಿ ಅವು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಮಾತ್ರ ಅದು ಮದುವೆ ಮನೆಯಲ್ಲಿ ಇಡೀ ಪಂಕ್ತಿ ಒಟ್ಟಿಗೆ ಹಪ್ಪಳ ಮುರಿದ ಹಾಗೆ ಕೇಳುತ್ತದೆ.

ಆ ಹುಳುಮನೆಗೆ ಬೀಗ ಇಲ್ಲ. ದೊಡ್ಡಮ್ಮನ ಮೂಗೇ ಬೀಗ. ರೇಷ್ಮೆ ಹುಳು ಮಹಾ ನಾಜೂಕಿನ ಜೀವ. ಗಾಟು ಆಗದು, ಹೊಗೆ ಆಗದು, ಪರಿಮಳವಂತೂ ಆಗಲೇ ಆಗದು ಎಂಬುದು ಅವಳ ಶಾಸ್ತ್ರ. ಒಳಗೆ ಹೋಗುವವರು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು, ಆಮೇಲೆ ಹೊಸಿಲಲ್ಲಿ ನಿಂತು ದೊಡ್ಡಮ್ಮನ ಮುಂದೆ ಹಾಯಬೇಕು. ಪೌಡರು, ಸೆಂಟು, ಊದುಬತ್ತಿ, ಒಗ್ಗರಣೆ, ಬೀಡಿ, ಎಲ್ಲವೂ ಅವಳಿಗೆ ಮೂರು ಮಾರು ದೂರದಿಂದಲೇ ಗೊತ್ತಾಗುತ್ತಿತ್ತು. ಒಮ್ಮೆ ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರನ್ನು, ಅವರ ತಲೆಯ ಎಣ್ಣೆಯ ಕಾರಣಕ್ಕೆ, ಹೊರಗಿನ ಕಲ್ಲಿನ ಮೇಲೆಯೇ ಕೂರಿಸಿ ಮಜ್ಜಿಗೆ ಕೊಟ್ಟು ಕಳಿಸಿದ್ದಳು.

ಅವಳ ತವರು ಆಂಧ್ರದ ಗಡಿಯ ಗೌನಿಪಲ್ಲಿ. ಸಾಮಾನ್ಯ ಮಾತು ಕನ್ನಡ, ಸಿಟ್ಟು ಮಾತ್ರ ಶುದ್ಧ ತೆಲುಗು. ನಾನು ಪಿಯುಸಿ ಓದುವಾಗ ಮುಖಕ್ಕೆ ಒಂದಿಷ್ಟು ಪೌಡರು ಬಳಿದುಕೊಂಡು ಸೊಪ್ಪು ಹಾಕಲು ಹೋದರೆ, "ಏಮಿರಾ ಪೆಳ್ಳಿಕೊಡುಕಾ!" ಎಂದು ಬೈಗುಳ ಶುರುವಾಗುತ್ತಿತ್ತು. ಮದುವೆ ಗಂಡೇ ಎಂದು ಕರೆದು, ನನಗೆ ಹೆಣ್ಣು ಕೊಡುವವರ ಅಜ್ಞಾನದವರೆಗೆ ಹೋಗಿ ನಿಲ್ಲುತ್ತಿತ್ತು. ತೆಲುಗು ಕೇಳಿಸಿದರೆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅರ್ಥ.

ಹೀಗಾಗಿ ಕೊರೊನಾ ಬಂದು, ಕೈ ತೊಳೆಯಿರಿ, ದೂರ ನಿಲ್ಲಿ ಎಂದು ಊರೂರಲ್ಲಿ ಮೈಕ್ ಹಾಕಿಕೊಂಡು ಕೂಗಿದಾಗ ದೊಡ್ಡಮ್ಮ ನಕ್ಕಳು. "ನನ್ನ ಹುಳುಗೆ ಇಷ್ಟು ವರ್ಷದಿಂದ ಇದ್ನೇ ಮಾಡ್ತಾ ಇದ್ದೀನಿ. ಈಗ ಮನುಷ್ಯರಿಗೂ ಬುದ್ಧಿ ಬಂತು." ಮೊದಲ ವರ್ಷ ಅವಳ ಮಾತೇ ನಡೆಯಿತು. ನಮ್ಮೂರಿಗೆ ಏನೂ ಆಗಲಿಲ್ಲ. ಆದದ್ದು ನನಗೆ. ನಾನು ಪಾಠ ಮಾಡುತ್ತಿದ್ದ ಖಾಸಗಿ ಕಾಲೇಜು ಮುಚ್ಚಿತು. ಸಂಬಳ ಅರ್ಧವಾಯಿತು, ಆಮೇಲೆ ಆ ಅರ್ಧವೂ ನಿಂತಿತು. ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದವನು ಮೊಬೈಲಿನ ಮುಂದೆ ಕೂತು, ಕಾಣದ ಮಕ್ಕಳಿಗೆ ಎಲೆಯ ಉಸಿರಾಟದ ಬಗ್ಗೆ ವಿವರಿಸುತ್ತಿದ್ದೆ. ಅದೂ ನಿಂತ ಮೇಲೆ ಊರಿಗೆ ಬಂದು, ಅದೇ ಎಲೆಯನ್ನು ಹುಳುಗಳಿಗೆ ಹಾಕತೊಡಗಿದೆ. ಹುಳುಗಳ ಹಾಜರಾತಿ ಚೆನ್ನಾಗಿತ್ತು.

ಎರಡನೇ ಅಲೆ ಬಂದಾಗ, ಬಾಡಿಗೆ ಕಟ್ಟುವುದು ಇನ್ನು ಆಗದೆಂದು ಕೋಲಾರದ ರೂಮನ್ನು ಖಾಲಿ ಮಾಡಲು ಒಂದು ದಿನ ಹೋಗಿ ಬಂದೆ. ಮಂಚ ಇಳಿಸಲು ನೆರವಾದವನೊಬ್ಬ ಕೆಮ್ಮುತ್ತಿದ್ದ. ಧೂಳಿಗೆ ಇರಬೇಕೆಂದುಕೊಂಡೆ. ಈ ವಾಕ್ಯವನ್ನು ಗುರುತಿಟ್ಟುಕೊಳ್ಳಿ. ನಾನಂತೂ ಅದನ್ನು ಬಿಟ್ಟೇ ಇಲ್ಲ.

ಐದಾರು ದಿನದ ಮೇಲೆ ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು. ಹಣೆಗೆ ಧಾರಾಳವಾಗಿ ಮುಲಾಮು ಮೆತ್ತಿಕೊಂಡೆ. ಸೊಪ್ಪಿನ ಹೊರೆ ಹೊತ್ತೆ. ಹುಳುಮನೆಯ ಹೊಸಿಲು ದಾಟಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು. ಹೊರೆ ಹೊತ್ತಂತೆಯೇ ಕಣ್ಣು ಮುಚ್ಚಿ ನಿಂತೆ. ಹುಳುಗಳು ಕೊನೆಯ ಹಂತದಲ್ಲಿದ್ದವು, ಇನ್ನು ಮೂರ್ನಾಲ್ಕು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಲು ಏರುವಂಥವು. ಇಂಥ ಹೊತ್ತಿನಲ್ಲಿ ಮುಲಾಮು! ನನ್ನ ಹಿಂದಿನ ಏಳು ತಲೆಮಾರು ತೆಲುಗಿನಲ್ಲಿ ಎದ್ದು ನಿಲ್ಲಬೇಕಿತ್ತು.

"ಆ ಕಡೆ ಅಟ್ಟಕ್ಕೆ ಹಾಕಪ್ಪ," ಎಂದಳು ದೊಡ್ಡಮ್ಮ. ಮೆತ್ತಗೆ. ಕನ್ನಡದಲ್ಲಿ.

ನಾನು ಬದುಕಿದೆನೆಂದು ಹೊರೆ ಇಳಿಸಿ, ಹೊರಗೆ ಓಡಿ, ಹಣೆ ತೊಳೆದುಕೊಂಡೆ. ನೀವೇ ಹೇಳಿ, ಜೀವಶಾಸ್ತ್ರ ಓದಿದವನಿಗೆ, ದಿನಕ್ಕೆ ಹತ್ತು ಸಲ ಟಿ.ವಿ.ಯಲ್ಲಿ ರೋಗದ ಲಕ್ಷಣ ಕೇಳಿದವನಿಗೆ, ಆಗ ಹೊಳೆಯಬೇಕಿದ್ದುದು ಏನು? ನನಗೆ ಹೊಳೆದದ್ದು, ಇವತ್ತು ಅದೃಷ್ಟ ಚೆನ್ನಾಗಿದೆ ಎಂಬುದು. ಖುಷಿಗೆ ಇನ್ನೊಂದು ಮುದ್ದೆ ಹೆಚ್ಚು ಉಂಡೆ.

ಹೊಳೆದದ್ದು ಮಧ್ಯಾಹ್ನ, ಕೈ ತೊಳೆಯುವಾಗ. ಒದ್ದೆ ಕೈಯಲ್ಲೇ ಮತ್ತೆ ಮುಲಾಮು ಹಚ್ಚಿಕೊಂಡು ಹೋಗಿ, ಹೊಸಿಲಾಚೆ ನಿಂತೆ.

"ದೊಡ್ಡಮ್ಮ, ನಿಂಗೆ ವಾಸನೆ ಗೊತ್ತಾಗ್ತಾ ಐತಾ?"

"ಗೊತ್ತಾಗ್ದೇ ಏನು? ನನ್ನ ಮೂಗಿಗೇನಾಗಿದೆ ದಾಡಿ?"

"ಹಾಗಾದ್ರೆ ನನ್ನ ಹಣೆ ಮೇಲೆ ಏನಿದೆ ಹೇಳು."

ಅವಳು ನನ್ನನ್ನೇ ನೋಡಿದಳು. ಹಣೆ ಹೊಳೆಯುತ್ತಿತ್ತೇನೋ. ಸೊಪ್ಪು ಹರಡುತ್ತಿದ್ದ ಕೈ ನಿಂತಿತು.

"ವಿಭೂತಿ," ಎಂದಳು.

ಆ ಒಂದು ಪದ ನನಗೆ ಈಗಲೂ ಕೇಳಿಸುತ್ತದೆ, ಬಸ್ಸಿನಲ್ಲಿ ಕೂತಾಗ, ಬೋರ್ಡಿನ ಮೇಲೆ ಬರೆಯುವಾಗ. ಅವಳಿಗೂ ನನ್ನ ಮುಖ ನೋಡಿ ಗೊತ್ತಾಯಿತು. ಹತ್ತಿರ ಬರಬೇಡವೆಂದು ಕೈ ತೋರಿಸಿ ಹೇಳಿದಳು: "ನೋಡು, ಯಾರಿಗಾದ್ರೂ ಹೇಳಿದ್ರೆ ಮನೆಗೆ ಪಟ್ಟಿ ಕಟ್ಟಿ ಸೀಲ್ ಮಾಡ್ತಾರೆ. ಸೊಪ್ಪು ಯಾರು ತರ್ತಾರೆ? ಇಷ್ಟು ಜೀವ ಹಸ್ಕೊಂಡು ಸಾಯ್ತಾವೆ. ಹಣ್ಣಾಗ್ಲಿ, ಮೂರೇ ದಿನ. ಆಮೇಲೆ ನೀನು ಎಲ್ಲಿಗೆ ಕರೆದ್ರೂ ಬರ್ತೀನಿ. ಬಾಯಿ ಮುಚ್ಕೊಂಡಿರು ಕಣೋ."

ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಮನೆಯಲ್ಲಿ ಆಗ ಇದ್ದ ಏಕೈಕ ದುಡಿಮೆ ಆ ಹುಳುಗಳದ್ದು. ನನ್ನದು ನಿಂತು ತಿಂಗಳುಗಳಾಗಿತ್ತು. ಇದು ಕಾರಣವೇ ಹೊರತು ನೆಪವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ತಲೆನೋವಿನ ವಿಷಯವನ್ನಂತೂ ಯಾರಿಗೂ ಹೇಳಲಿಲ್ಲ. ಹಾಗೆ ಒಂದು ಮಧ್ಯಾಹ್ನ, ಒಂದು ರಾತ್ರಿ ಕಳೆದವು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಸೊಪ್ಪಿನ ರಾಶಿಯ ಮೇಲೆ ಕುಳಿತಿದ್ದಳು. ಸೊಪ್ಪಿನ ಮೇಲೆ ಕೂರುವುದೆಂದರೆ ಅವಳ ಪ್ರಕಾರ ಅನ್ನದ ಮೇಲೆ ಕೂತಂತೆ. ದೊಡ್ಡಪ್ಪ ಎಂದೂ ಹೆಚ್ಚು ಮಾತಾಡದ ಮನುಷ್ಯ. ಅವರು ಅವಳನ್ನು ನೋಡಿ, ನನ್ನನ್ನು ನೋಡಿ, "ಹೋಗು," ಎಂದರು. ನಾನು ಆಶಾ ಕಾರ್ಯಕರ್ತೆ ರತ್ನಮ್ಮನ ಮನೆಗೆ ಓಡಿದೆ. ರತ್ನಮ್ಮ ಬಂದು, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆ ಪುಟ್ಟ ಯಂತ್ರವನ್ನು ದೊಡ್ಡಮ್ಮನ ಬೆರಳಿಗೆ ಹಾಕಿ, ತೆಗೆದು, ಒರೆಸಿ, ಇನ್ನೊಂದು ಬೆರಳಿಗೆ ಹಾಕಿದರು.

"ಎಷ್ಟು ಬಂತು ರತ್ನ?" ಎಂದಳು ದೊಡ್ಡಮ್ಮ, ಮಾತಿನ ನಡುವೆ ಎರಡು ಕಡೆ ಉಸಿರು ತೆಗೆದುಕೊಂಡು.

"ಎಂಬತ್ತೆರಡು ಅಕ್ಕ."

"ನೋಡ್ದೇನೋ? ಫಸ್ಟ್ ಕ್ಲಾಸು. ನೀನು ಡಿಗ್ರೀಲಿ ಕೂಡ ಇಷ್ಟು ತಗೊಂಡಿರ್ಲಿಲ್ಲ."

ರತ್ನಮ್ಮ ನಗಲಿಲ್ಲ. ಪಕ್ಕಕ್ಕೆ ಕರೆದು, "ಆಂಬುಲೆನ್ಸ್ ಕಾಯೋದು ಬೇಡ. ಯಾವ ಗಾಡಿ ಸಿಗುತ್ತೋ ಅದ್ರಲ್ಲಿ ಈಗಲೇ ಹೊರಡಿ," ಎಂದರು.

ಸಿಕ್ಕಿದ್ದು ನಾಣಿಯ ಟೊಮೆಟೊ ಟೆಂಪೋ. ನಾಣಿ ನನ್ನ ಜೊತೆ ಓದಿದವನು. ಟೊಮೆಟೊ ಕೇಳುವವರಿಲ್ಲದೆ ಅವನ ಗಾಡಿಯೂ ಬಾಗಿಲಲ್ಲೇ ನಿಂತಿತ್ತು. "ನಂಗೂ ಅಂಟ್ಕೊಂಡ್ರೆ ನೋಡ್ಕೊಳ್ಳೋಣ ಬಿಡ್ಲಾ," ಎಂದು ಮುಖಕ್ಕೆ ಟವಲು ಸುತ್ತಿಕೊಂಡು ಕೀಲಿ ತಿರುಗಿಸಿದ. ಹಿಂದೆ ಖಾಲಿ ಕ್ರೇಟುಗಳನ್ನು ಸರಿಸಿ ಹಾಸಿಗೆ ಹಾಕಿ ಅವಳನ್ನು ಮಲಗಿಸಿದೆವು. ಕೊಳೆತ ಟೊಮೆಟೊದ ಹುಳಿ ವಾಸನೆಗೆ ನಾನು ಮುಖ ಆಚೆ ತಿರುಗಿಸಿದೆ. ಅವಳಿಗೆ ಅದೂ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ನಾನು ರಟ್ಟಿನಿಂದ ಗಾಳಿ ಬೀಸುತ್ತಾ ಅವಳ ಎದೆ ಏರುವುದನ್ನು ಕಾಯುತ್ತಿದ್ದೆ. ಪ್ರತಿ ಸಲ ಏರುವ ಮುನ್ನ ಒಂದು ಗಳಿಗೆ ಸುಮ್ಮನಿರುತ್ತಿತ್ತಲ್ಲ, ಆ ಗಳಿಗೆಯಲ್ಲಿ ನಾನು ಇಂದಿಗೂ ಆಗಾಗ ಸಿಕ್ಕಿಹಾಕಿಕೊಳ್ಳುತ್ತೇನೆ. ಅವಳು ಮಾತ್ರ ಒಮ್ಮೆ ಕಣ್ಣು ತೆರೆದು, "ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸೋದು ಮರೀಬೇಡ," ಎಂದಳು.

ಕೋಲಾರದಲ್ಲಿ ಮೊದಲು ಹೋದ ಕಡೆ ಹಾಸಿಗೆ ಇರಲಿಲ್ಲ. ಎರಡನೇ ಕಡೆ ಟೆಂಪೋದಲ್ಲೇ ಕಾದು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಳಗೆ ಸೇರಿಸಿಕೊಂಡರು. ನನ್ನನ್ನೂ ಪರೀಕ್ಷೆ ಮಾಡಿ, ನಿಮಗೂ ಇದೆ, ಮನೆಯಲ್ಲೇ ಇರಿ ಎಂದು ವಾಪಸು ಕಳಿಸಿದರು.

ಮನೆಗೆ ಪಟ್ಟಿ ಕಟ್ಟಿದರು, ನಿಜ. ಆದರೆ ದೊಡ್ಡಮ್ಮ ಹೆದರಿದ್ದು ಆಗಲಿಲ್ಲ. ಮರುದಿನ ಬೆಳಿಗ್ಗೆ ಬೀದಿಯ ತುದಿಯಲ್ಲಿ ನಾಲ್ಕು ಹೊರೆ ಸೊಪ್ಪು ಬಿದ್ದಿತ್ತು. ಸಂಜೆ ಇನ್ನೂ ನಾಲ್ಕು. ಯಾರು ಕೊಯ್ದದ್ದು, ಯಾರ ತೋಟದ್ದು ಎಂದು ಯಾರೂ ಹೇಳಲಿಲ್ಲ; ದೂರದಿಂದ ಒಂದು ಸೀಟಿ ಹೊಡೆದು ಹೋಗುತ್ತಿದ್ದರು. ಊರಿಗೆ ಒಂದು ಮಾತು ಹೇಳಿದ್ದರೆ ಅಷ್ಟೇ ಸಾಕಿತ್ತು. ಆ ಒಂದೂವರೆ ಆಳೆತ್ತರದ ಸೊಪ್ಪಿನ ರಾಶಿ ನೋಡಿ ನನಗೆ ಬಂದ ಅಳುವಿನಲ್ಲಿ ಕೃತಜ್ಞತೆಗಿಂತ ನಾಚಿಕೆಯೇ ಜಾಸ್ತಿ ಇತ್ತು.

ಹುಳುಗಳು ಹಣ್ಣಾದವು. ದೊಡ್ಡಪ್ಪನೂ ನಾನೂ ಮೈಕೈ ನೋವಿನಲ್ಲಿ ಅವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಟ್ಟೆವು. ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ತಟ್ಟಿ ಅದು. ನಾನು ಬಿಟ್ಟ ಕಡೆ ಹುಳು ಒತ್ತಾಗಿ ಅರ್ಧ ಗೂಡು ಜೊಳ್ಳಾಯಿತು. ಉಳಿದದ್ದನ್ನು ನಾಣಿ ಸಿಕ್ಕಿದ ಬೆಲೆಗೆ ಮಾರಿ ಬಂದ. ಆಸ್ಪತ್ರೆಯ ಖರ್ಚಿಗೆ ಅದು ಸಾಲದೆ ದೊಡ್ಡಮ್ಮನ ಓಲೆಗಳೂ ಹೋದವು.

ಆ ದಿನಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆದರಿಸಿದ್ದು ಅವಳ ಫೋನು. ವಾರ್ಡಿನ ನರ್ಸು ದಿನಕ್ಕೊಮ್ಮೆ ಮಾತಾಡಿಸುತ್ತಿದ್ದರು. "ಚೆನ್ನಾಗಿದ್ದೀನಪ್ಪ. ನೀವು ಟೈಮಿಗೆ ಊಟ ಮಾಡಿ," ಎನ್ನುತ್ತಿದ್ದಳು. ಇಷ್ಟು ವಿನಯದ ದೊಡ್ಡಮ್ಮನನ್ನು ನಾನು ಕಂಡಿರಲಿಲ್ಲ. ಫೋನಿಟ್ಟ ಮೇಲೆ ದೊಡ್ಡಪ್ಪ ಕೇಳುತ್ತಿದ್ದುದು ಒಂದೇ: "ಬೈದಳಾ?" ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅವರು ಎದ್ದು ಹೋಗಿ ಖಾಲಿ ಅಟ್ಟ ಒರೆಸುತ್ತಿದ್ದರು. ಎಷ್ಟನೆಯ ದಿನವೋ, ಗೂಡು ಜೊಳ್ಳಾದ ಸುದ್ದಿ ಬಾಯಿ ತಪ್ಪಿ ಹೇಳಿಬಿಟ್ಟೆ. ಆ ಕಡೆ ಒಂದು ಕ್ಷಣ ಆಮ್ಲಜನಕದ ಸದ್ದು. ಆಮೇಲೆ, "ಏಮಿರಾ ಪೆಳ್ಳಿಕೊಡುಕಾ!" ನಾನು ಸ್ಪೀಕರ್ ಒತ್ತಿದೆ. ದೊಡ್ಡಪ್ಪ ಗೋಡೆಗೊರಗಿ ಕೂತು ಪೂರ್ತಿ ಕೇಳಿಸಿಕೊಂಡರು, ಹರಿಕಥೆ ಕೇಳಿದ ಹಾಗೆ.

ಅವಳು ಬಂದಳು. ಮೂಗು ಬರಲಿಲ್ಲ.

ಇದಾಗಿ ವರ್ಷಗಳಾದವು. ಕಾಲೇಜು ತೆರೆಯಿತು, ಸಂಬಳ ಬರುತ್ತಿದೆ, ಮೊದಲ ಸಂಬಳದಲ್ಲಿ ಓಲೆ ತಂದದ್ದೂ ಆಯಿತು. ಹುಳುಮನೆಯ ಹೊಸಿಲಲ್ಲಿ ದೊಡ್ಡಮ್ಮ ಈಗ ಮೂಸುವ ಬದಲು ಕೇಳುತ್ತಾಳೆ: "ಏನು ಹಚ್ಕೊಂಡಿದ್ದೀಯ? ನಿಜ ಹೇಳು." ನಾನು ಪ್ರತಿ ಭಾನುವಾರ ಊರಿಗೆ ಹೋಗುವಾಗ, ಬಸ್ಸಿಳಿದ ಮೇಲೆ ಕಿವಿಯ ಹಿಂದೆ ಒಂದು ಚೂರು ಮುಲಾಮು ಹಚ್ಚಿಕೊಳ್ಳುತ್ತೇನೆ. ಹೊಸಿಲಾಚೆಯೇ ನಿಂತು, ಅದೂ ಇದೂ ಮಾತಾಡಿ, ಬೈಯುತ್ತಾಳೇನೋ ಎಂದು ಕಾಯುತ್ತೇನೆ. ಆಮೇಲೆ ತೊಳೆದುಕೊಂಡು ಒಳಗೆ ಹೋಗುತ್ತೇನೆ. ಗಣಿತದ ಮೇಡಂ ಕಂಡ ಡಬ್ಬಿ ಅದೇ.

ಮೊನ್ನೆ ಭಾನುವಾರವೂ ನಿಂತಿದ್ದೆ. ದೊಡ್ಡಮ್ಮ ಒಳಗಿನಿಂದ ತಲೆ ಎತ್ತಿದಳು.

"ಎಷ್ಟು ಡಬ್ಬಿ ಆಯ್ತೋ ಇದುವರೆಗೆ?"

ನಾನು ಹೊಸಿಲಿಗೆ ಒಂದು ಹೆಜ್ಜೆ ಹತ್ತಿರ ಹೋದೆ. "ವಾಸನೆ ಬಂತಾ ದೊಡ್ಡಮ್ಮ?"

"ವಾಸನೆ ಎಲ್ಲಿಂದ ಬರುತ್ತೆ. ವಾರ ವಾರ ಕಳ್ಳ ಬೆಕ್ಕಿನ ಮೂತಿ ಹಾಕ್ಕೊಂಡು ಬಂದು ನಿಂತ್ಕೊಂತೀಯಲ್ಲ, ನನ್ನ ಕಣ್ಣಿಗೇನಾಗಿದೆ?"

ಬಾಯಿಂದ ಹೊರಟೇಬಿಟ್ಟಿತು. "ನಂಗೂ ಆಗ ತಲೆನೋವಿತ್ತು. ಕೋಲಾರದಿಂದ ನಾನೇ ತಂದಿದ್ದು ಅನ್ಸುತ್ತೆ. ಯಾರಿಗೂ ಹೇಳ್ಲಿಲ್ಲ."

ಅವಳು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ಇಲ್ಲಾಂದ್ರೆ ಆವತ್ತು ನೀನ್ಯಾಕೆ ಅಷ್ಟೊಂದು ವಿಭೂತಿ ಹಚ್ಕೊಂತಿದ್ದೆ?" ಎಂದಳು. ಆಮೇಲೆ ದನಿ ಏರಿತು. "ಏಮಿರಾ ಪೆಳ್ಳಿಕೊಡುಕಾ! ಹೋಗಿ ಕಿವಿ ತೊಳ್ಕೊಂಡು ಬಾ. ಹುಳು ಹಸ್ಕೊಂಡಿದ್ದಾವೆ."

ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದೆ. ಕಿವಿ ತೊಳೆದೆ, ಎರಡು ಸಲ. ಡಬ್ಬಿಯನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟು ಒಳಗೆ ಹೋದೆ. ಬರುವಾಗ ಅದನ್ನು ತೆಗೆದುಕೊಳ್ಳುವುದು ಮರೆತುಹೋಯಿತು. ನಾಳೆ ಕಾಲೇಜಿನಲ್ಲಿ ನಿಜವಾಗಿ ತಲೆನೋವು ಬಂದರೆ ಗಣಿತದ ಮೇಡಂ ಹತ್ತಿರ ಕೇಳಬೇಕು.